ಮಾಡ್ಯುಲರ್ ಸಿಂಥ್: ಖಾಲಿ ಕೇಸಿನಿಂದ ಮೊದಲ ಬೇಸ್‌ಲೈನಿನವರೆಗೆ

ಸಿಂಥ್ ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ, ಸಿಂಥಸೈಜರ್. ಕೀಬೋರ್ಡ್ ಸಿಂಥಿನ ಮುಚ್ಚಳದೊಳಗೆ ಕಾರ್ಖಾನೆಯಲ್ಲೇ ಬೆಸೆದು ಮುಗಿಸಿದ ಸಂಪರ್ಕಗಳನ್ನು ಬಿಚ್ಚಿ ನಮ್ಮ ಕೈಗೆ ಕೊಟ್ಟರೆ ಅದು ಮಾಡ್ಯುಲರ್. ಸ್ವರ ಹುಟ್ಟಿಸುವ ತುಂಡು (ಆಸಿಲೇಟರ್) ಒಂದು, ಅದರ ಮೊನಚು ತೆಗೆಯುವ ತುಂಡು (ಫಿಲ್ಟರ್) ಇನ್ನೊಂದು, ಸದ್ದನ್ನು ಏರಿಸಿ ಇಳಿಸುವುದು (ವಿಸಿಎ) ಮತ್ತೊಂದು. ಇಂಥ ಒಂದೊಂದು ತುಂಡೂ ಒಂದು ಮಾಡ್ಯೂಲ್. ಯಾವುದಕ್ಕೆ ಯಾವುದನ್ನು ಜೋಡಿಸಬೇಕೆಂಬುದು ಕೇಬಲ್ ಹಿಡಿದವರಿಗೆ ಬಿಟ್ಟದ್ದು. ಆ ಕೇಬಲ್‌ಗಳಲ್ಲಿ ಓಡಾಡುವುದೆಲ್ಲ ವೋಲ್ಟೇಜ್. ಸೆಕೆಂಡಿಗೆ ಐದು ಸಲ ಏರಿಳಿಯುವ ವೋಲ್ಟೇಜನ್ನು ಆಸಿಲೇಟರಿನ ಪಿಚ್‌ಗೆ (ಸ್ವರದ ಎತ್ತರಕ್ಕೆ) ಕೊಟ್ಟರೆ ಸ್ವರ ಅಲುಗುತ್ತದೆ. ಅದೇ ಏರಿಳಿತವನ್ನು ಸೆಕೆಂಡಿಗೆ 200 ಸಲಕ್ಕೆ ಒಯ್ದರೆ ಅಲುಗಾಟ ಮಾಯವಾಗಿ ಗಂಟೆಯಂಥ ಹೊಸ ನಾದ ಬರುತ್ತದೆ. ಕೇಬಲ್ ಬದಲಾಗಿಲ್ಲ, ವೇಗ ಮಾತ್ರ ಬದಲಾಯಿತು.

1964ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೂಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆ ಕೂತು ಕಟ್ಟಿದ್ದು ಇಂಥ ಯಂತ್ರವನ್ನೇ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾನ್ ಬುಕ್ಲಾ ಇನ್ನೊಂದು ದಾರಿ ಹಿಡಿದರು. ಮೂಗ್ ಕೀಬೋರ್ಡ್ ಇಟ್ಟರು, ಬುಕ್ಲಾ ಕಪ್ಪು ಬಿಳಿ ಮನೆಗಳೇ ಬೇಡವೆಂದು ಮುಟ್ಟುವ ಫಲಕ ಇಟ್ಟರು. ಇಂದು ಹೆಚ್ಚಿನವರ ಮೇಜಿನ ಮೇಲಿರುವ ಯೂರೋರ್‍ಯಾಕ್ ಎಂಬ ಅಳತೆಯ ಮಾದರಿ ಬಂದದ್ದು 1990ರ ದಶಕದ ನಡುವಿನಲ್ಲಿ, ಜರ್ಮನಿಯ ಡೀಟರ್ ಡೋಪ್ಫರ್ ಅವರ ಎ-100 ಸಾಲಿನಿಂದ. ಕೆಳಗಿನ ಅಳತೆಗಳೆಲ್ಲ ಯೂರೋರ್‍ಯಾಕಿನವು.

ಈ ಯಂತ್ರ ಇಂದಿನ ಸಂಗೀತಕ್ಕೆ ಕೊಟ್ಟಿದ್ದೇನು ಎಂದು ಕೇಳಿದರೆ ಹೆಚ್ಚಿನವರು ಹಳೆಯ ರೆಕಾರ್ಡುಗಳ ಪಟ್ಟಿ ಒಪ್ಪಿಸುತ್ತಾರೆ. ಅದಕ್ಕಿಂತ ನಾಲ್ಕೈದು ಜೋಡಣೆಗಳನ್ನು ಕೈಯಾರೆ ಮಾಡಿ ನೋಡುವುದು ಮೇಲು. ಡಾನ್ಸ್ ಫ್ಲೋರಿನ ಬೇಸ್ (ತಗ್ಗು ಸ್ವರಗಳ ಸಾಲು), ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು), ಬಾಯಿ ತೆರೆದು ಮುಚ್ಚಿದಂತೆ ಕೇಳುವ ಫಿಲ್ಟರ್, ಇವೆಲ್ಲ ಹುಟ್ಟಿದ್ದು ಅಂಥ ಜೋಡಣೆಗಳಿಂದಲೇ.

ಕೇಸು, ಕರೆಂಟು, ಕೆಂಪು ಗೆರೆ

ಮಾಡ್ಯೂಲಿನ ಎತ್ತರ 128.5 ಮಿ.ಮೀ. ಅಗಲವನ್ನು ಎಚ್‌ಪಿ ಲೆಕ್ಕದಲ್ಲಿ ಹೇಳುತ್ತಾರೆ, 1 ಎಚ್‌ಪಿ ಅಂದರೆ 5.08 ಮಿ.ಮೀ. 84 ಎಚ್‌ಪಿಯ ಒಂದು ಸಾಲು ಸುಮಾರು 427 ಮಿ.ಮೀ. ಆಗುತ್ತದೆ. ಶುರುವಿಗೆ 84ರ ಎರಡು ಸಾಲು ಧಾರಾಳ ಸಾಕು. ಕೊಳ್ಳುವ ಮೊದಲು ಆಳವನ್ನೂ ನೋಡಿ. ತೆಳು ಕೇಸಿನಲ್ಲಿ ಹಿಂದೆ ಚಾಚಿದ ಕನೆಕ್ಟರ್ ತಳಕ್ಕೆ ತಾಗುತ್ತದೆ, ಮಾಡ್ಯೂಲ್ ಕೂರುವುದೇ ಇಲ್ಲ.

ಮಾಡ್ಯೂಲ್‌ಗಳಿಗೆ ಬೇಕಾದದ್ದು +12 ಮತ್ತು -12 ವೋಲ್ಟ್, ಕೆಲವಕ್ಕೆ +5 ಕೂಡ. ಪ್ರತಿ ಮಾಡ್ಯೂಲಿನ ವಿವರದಲ್ಲಿ ಮೂರೂ ಸಾಲುಗಳ ಮಿಲಿಆಂಪ್ ಕೊಟ್ಟಿರುತ್ತಾರೆ. ಮೂರನ್ನೂ ಬೇರೆಬೇರೆಯಾಗಿಯೇ ಕೂಡಿ. +12 ಸಾಲಿನ ಮೊತ್ತ 520 ಮಿಲಿಆಂಪ್ ಬಂದರೆ ಕನಿಷ್ಠ 750 ಕೊಡುವ ಪೂರೈಕೆ ಇರಲಿ, ಏಕೆಂದರೆ ಸ್ವಿಚ್ ಹಾಕಿದ ಕ್ಷಣದಲ್ಲಿ ಕೆಪಾಸಿಟರ್‌ಗಳು ತುಂಬಿಕೊಳ್ಳಲು ಹೆಚ್ಚು ಎಳೆಯುತ್ತವೆ. ಪೂರೈಕೆ ಸಾಲದಿದ್ದರೆ ದೀಪಗಳು ಮಿಣುಕಿ ಮಿಣುಕಿ ನಿಲ್ಲುತ್ತವೆ, ಇಲ್ಲವೇ ಸೀಕ್ವೆನ್ಸರ್ (ಸ್ವರಗಳನ್ನು ಸಾಲಾಗಿ ನುಡಿಸುವ ಮಾಡ್ಯೂಲ್) ಒಂದು ಮಾತ್ರ ಎದ್ದೇಳುವುದಿಲ್ಲ. ಇನ್ನೊಂದು ಎಡವಟ್ಟು ಅಡಾಪ್ಟರ್ ಮೇಲಿನ ಸಂಖ್ಯೆ ನಂಬುವುದು. ಅದರ ಮೇಲೆ 3 ಆಂಪ್ ಎಂದಿದ್ದ ಮಾತ್ರಕ್ಕೆ -12 ಸಾಲಿಗೂ 3 ಆಂಪ್ ಸಿಗುವುದಿಲ್ಲ. ಒಳಗಿನ ಬೋರ್ಡ್ ಪ್ರತಿ ಸಾಲಿಗೆ ಎಷ್ಟು ಕೊಡುತ್ತದೆ ಎನ್ನುವುದೇ ಲೆಕ್ಕ.

ಹೊಸಬರು ಮಾಡ್ಯೂಲ್ ಸುಟ್ಟುಕೊಳ್ಳುವುದು ಅದನ್ನು ಪವರ್ ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ ಹಾಕುವಾಗ. ಕೇಬಲಿನ ಕೆಂಪು ಗೆರೆ ಎರಡೂ ತುದಿಯಲ್ಲಿ -12 ವೋಲ್ಟಿನ ಕಡೆಗೆ ಬರಬೇಕು. 16 ಪಿನ್ನಿನ ಸಾಕೆಟ್ಟಿನಲ್ಲಿ -12ರ ಕಡೆಯಿಂದ ಎಣಿಸಿದರೆ ಮೊದಲ ಎರಡು ಪಿನ್ -12, ಮುಂದಿನ ಆರು ಗ್ರೌಂಡ್, ಆಮೇಲೆ ಎರಡೆರಡರಂತೆ +12, +5, ಸಿವಿ (ನಿಯಂತ್ರಣದ ವೋಲ್ಟೇಜ್), ಗೇಟ್ (ಸ್ವರ ಎಷ್ಟು ಹೊತ್ತು ಎಂದು ತಿಳಿಸುವ ವೋಲ್ಟೇಜ್). ಕೇಬಲನ್ನು ತಿರುಗಿಸಿ ಹಾಕಿದಿರಿ ಅನ್ನಿ: ಮಾಡ್ಯೂಲಿನ ಆರು ಗ್ರೌಂಡ್ ಪಿನ್ನುಗಳು ಹೋಗಿ +12, +5 ಮತ್ತು ಸಿವಿ ಪಿನ್ನುಗಳ ಮೇಲೆ ಕೂರುತ್ತವೆ. ಆ ಮಾಡ್ಯೂಲಿನ ಮೂಲಕ +12 ಮತ್ತು +5 ಒಂದಾಗುತ್ತವೆ. ಅದರಿಂದಲೇ ತಪ್ಪಾಗಿ ಹಾಕಿದ್ದು ಒಂದು ಮಾಡ್ಯೂಲ್ ಆದರೂ 5 ವೋಲ್ಟ್ ಬಳಸುವ ನೆರೆಯವೂ ಸಾಯುತ್ತವೆ. 10 ಪಿನ್ನಿನ ಕೇಬಲಿನ ಅಪಾಯ ಬೇರೆ. ಸುತ್ತ ಗೋಡೆಯಿಲ್ಲದ ಸಾಕೆಟ್ಟಿನಲ್ಲಿ ಅದು ಒಂದು ಸಾಲು ಆಚೀಚೆ ಜಾರಿ ಕೂತರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಕ್ರಮ ಇಷ್ಟು. ಕರೆಂಟ್ ತೆಗೆದು ಒಂದೇ ಒಂದು ಮಾಡ್ಯೂಲ್ ಜೋಡಿಸಿ. ಪಿನ್ ಎಣಿಸಿ. ಆನ್ ಮಾಡಿ ಹತ್ತು ಸೆಕೆಂಡ್ ನೋಡಿ, ಮೂಸಿ. ಆಫ್ ಮಾಡಿ ಮುಂದಿನದಕ್ಕೆ ಹೋಗಿ. ಕರೆಂಟ್ ಇರುವಾಗ ರಿಬ್ಬನ್ ಎಳೆಯಲೇಬೇಡಿ, ಪಿನ್ನುಗಳು ಒಟ್ಟಿಗೇ ಕಳಚಿಕೊಳ್ಳುವುದಿಲ್ಲ. ಕೇಸಿನ ಹಳಿಯೊಳಗೆ ಓಡುವ ಸಡಿಲ ನಟ್ಟುಗಳಿದ್ದರೆ ಎಣಿಸಿಟ್ಟುಕೊಳ್ಳಿ. ಒಂದು ಕಮ್ಮಿಯಾದರೆ ಅದು ಪವರ್ ಬೋರ್ಡಿನ ಮೇಲೆ ಬಿದ್ದಿದೆ ಎಂದೇ ತಿಳಿದು ಹುಡುಕಿ.

ಮೊದಲು ಏನೇನು

ಒಂದು ಆಸಿಲೇಟರ್, ಒಂದು ಲೋಪಾಸ್ ಫಿಲ್ಟರ್ (ತಗ್ಗಿನ ಕಂಪನಗಳನ್ನಷ್ಟೇ ಬಿಡುವಂಥದ್ದು), ಎರಡು ವಿಸಿಎ, ಎರಡು ಎನ್ವಲಪ್ (ಗೇಟ್ ಬಂದಾಗ ಏರಿ ಇಳಿಯುವ ವೋಲ್ಟೇಜ್ ಕೊಡುವಂಥದ್ದು), ಒಂದು ಎಲ್‌ಎಫ್‌ಓ (ನಿಧಾನ ಏರಿಳಿಯುವ ಆಸಿಲೇಟರ್), ಕ್ಲಾಕ್ (ತಾಳದ ಮಿಡಿತ) ಒಳಗೊಂಡ ಎಂಟು ಹೆಜ್ಜೆಯ ಸೀಕ್ವೆನ್ಸರ್, ನಾಯ್ಸ್ (ಸುಯ್ಯೆನ್ನುವ ಸದ್ದು) ಮತ್ತು ಸ್ಯಾಂಪಲ್ ಅಂಡ್ ಹೋಲ್ಡ್ (ಬಂದ ವೋಲ್ಟೇಜನ್ನು ಹಿಡಿದು ನಿಲ್ಲಿಸುವಂಥದ್ದು), ವೋಲ್ಟೇಜ್ ತಗ್ಗಿಸಿ ತಿರುಗಿಸುವ ಅಟೆನುವರ್ಟರ್, ಕೊನೆಗೆ ಔಟ್‌ಪುಟ್ ಮಾಡ್ಯೂಲ್. ಎರಡನೇ ಆಸಿಲೇಟರ್ ಮೇಲೆ ಕಣ್ಣು ಬೀಳುವುದು ಸಹಜ. ಆದರೆ ವಿಸಿಎ ಒಂದೇ ಇರುವ ಕೇಸಿನಲ್ಲಿ ಮೂರು ಆಸಿಲೇಟರ್ ಇದ್ದರೂ ಹೊರಡುವುದು ಗುಂಯ್‌ಗುಡುವ ಸದ್ದೇ. 3.5 ಮಿ.ಮೀ. ಮೋನೋ ಕೇಬಲ್ 30 ಸೆಂ.ಮೀ.ನವು ಹದಿನೈದು, 60ರವು ಐದು ಇರಲಿ.

ಹಣ ಹಾಕುವ ಮುಂಚೆ ಒಂದು ತಿಂಗಳು ವಿಸಿವಿ ರ್‍ಯಾಕ್ ಎಂಬ ಸಾಫ್ಟ್‌ವೇರಿನಲ್ಲಿ ಕೂತುಬಿಡಿ. 2017ರಿಂದ ಇದೆ, ಅದರ ಉಚಿತ ಆವೃತ್ತಿಯೇ ಇಲ್ಲಿನ ಎಲ್ಲ ಪ್ಯಾಚ್‌ಗಳಿಗೆ ಸಾಕು. ಯಾವ ಮಾಡ್ಯೂಲಿಗೆ ಕೈ ಮತ್ತೆಮತ್ತೆ ಹೋಗುತ್ತದೆ ಎಂದು ಅಲ್ಲೇ ತಿಳಿಯುತ್ತದೆ.

ಮೊದಲ ದನಿ: ಒಂಬತ್ತು ಕೇಬಲ್

ಔಟ್‌ಪುಟ್ ನಾಬ್ ಪೂರ್ತಿ ಇಳಿಸಿಯೇ ಶುರುಮಾಡಿ. ಆಸಿಲೇಟರಿನ ಗರಗಸದಲೆಯನ್ನು (ಗರಗಸದ ಹಲ್ಲಿನಾಕಾರದ ಅಲೆ) ಫಿಲ್ಟರಿಗೆ, ಫಿಲ್ಟರಿನಿಂದ ವಿಸಿಎಗೆ, ವಿಸಿಎಯಿಂದ ಔಟ್‌ಪುಟ್‌ಗೆ. ಮೂರು ಕೇಬಲ್ ಆಯಿತು, ಆದರೆ ಸದ್ದಿಲ್ಲ. ಅದು ಸರಿಯೇ, ವಿಸಿಎ ಬಾಗಿಲು ವೋಲ್ಟೇಜ್ ಬಂದರೆ ಮಾತ್ರ ತೆರೆಯುತ್ತದೆ. ವಿಸಿಎಯಲ್ಲಿ ಆಫ್‌ಸೆಟ್ ನಾಬ್ ಇದ್ದರೆ ಅರ್ಧ ಏರಿಸಿ, ತಂಬೂರಿಯಂತೆ ಎಡೆಬಿಡದ ಸ್ವರ ಕೇಳಬೇಕು. ಕೇಳದಿದ್ದರೆ ಹಿಂದಿನಿಂದ ಹುಡುಕಿ: ಆಸಿಲೇಟರನ್ನು ನೇರ ಔಟ್‌ಪುಟ್‌ಗೆ ಹಾಕಿ ಕೇಳಿ, ಆಮೇಲೆ ಫಿಲ್ಟರ್ ಸೇರಿಸಿ, ಆಮೇಲೆ ವಿಸಿಎ. ಹೆಚ್ಚಿನ ಸಲ ಫಿಲ್ಟರಿನ ಕಟಾಫ್ (ಅದು ಕಂಪನಗಳನ್ನು ಕಡಿಯತೊಡಗುವ ಮಟ್ಟ) ತಳದಲ್ಲಿರುತ್ತದೆ, ಅಷ್ಟೆ.

ಸ್ವರ ಕೇಳಿದ ಮೇಲೆ ಆಫ್‌ಸೆಟ್ ಸೊನ್ನೆಗೆ ತನ್ನಿ. ಸೀಕ್ವೆನ್ಸರಿನ ಪಿಚ್ ಸಿವಿಯನ್ನು ಆಸಿಲೇಟರಿನ 1 ವೋಲ್ಟ್ ಪ್ರತಿ ಆಕ್ಟೇವ್ (ಒಂದು ಸ್ಥಾಯಿಗೆ ಒಂದು ವೋಲ್ಟ್) ಸಾಕೆಟ್ಟಿಗೆ ಕೊಡಿ. ಗೇಟನ್ನು ಮಲ್ಟ್‌ಗೆ (ಒಂದು ವೋಲ್ಟೇಜನ್ನು ಹಲವು ಕೇಬಲ್‌ಗೆ ಹಂಚುವ ಮಾಡ್ಯೂಲ್) ಹಾಕಿ ಎರಡು ಕವಲು ಮಾಡಿ, ಎರಡು ಎನ್ವಲಪ್‌ಗಳಿಗೂ ಕೊಡಿ. ಮೊದಲ ಎನ್ವಲಪ್ ವಿಸಿಎಯ ಸಿವಿಗೆ, ಎರಡನೆಯದು ಫಿಲ್ಟರಿನ ಕಟಾಫ್ ಸಿವಿಗೆ. ಒಟ್ಟು ಒಂಬತ್ತು.

ವಿಸಿಎ ಎನ್ವಲಪ್‌ಗೆ ಅಟ್ಯಾಕ್ (ಏರುವ ಹೊತ್ತು) 2 ಮಿಲಿಸೆಕೆಂಡ್, ಡಿಕೇ (ಶಿಖರದಿಂದ ಇಳಿಯುವ ಹೊತ್ತು) 200, ಸಸ್ಟೇನ್ (ಇಳಿದು ನಿಲ್ಲುವ ಮಟ್ಟ) ಮೂರನೇ ಒಂದು ಪಾಲು, ರಿಲೀಸ್ (ಗೇಟ್ ಮುಗಿದ ಮೇಲೆ ಆರುವ ಹೊತ್ತು) 150 ಇರಲಿ. ಅಟ್ಯಾಕ್ ಪೂರ್ತಿ ಸೊನ್ನೆಗಿಳಿದರೆ ಪ್ರತಿ ಸ್ವರದ ತಲೆಗೆ ಟಕ್ ಎನ್ನುತ್ತದೆ. ಅಲೆ ಎಲ್ಲಿದ್ದರೆ ಅಲ್ಲಿಂದಲೇ ಬಾಗಿಲು ಒಮ್ಮೆಗೆ ತೆರೆಯುವುದರಿಂದ ಹಾಗೆ. ಗೇಟ್ ಬದಲು ಟ್ರಿಗರ್ ಸಾಕೆಟ್ಟಿನಿಂದ ಎಳೆದಿದ್ದರೆ ಇನ್ನೊಂದು ತೊಂದರೆ. ಕೆಲವೇ ಮಿಲಿಸೆಕೆಂಡಿನ ಆ ಮಿಡಿತ ಮುಗಿದ ಕೂಡಲೇ ಎನ್ವಲಪ್ ರಿಲೀಸಿಗೆ ಜಾರುತ್ತದೆ, ಅಟ್ಯಾಕ್ ದೊಡ್ಡದಿದ್ದರೆ ಸ್ವರ ಮೇಲೇಳುವ ಮುಂಚೆಯೇ ಮಲಗುತ್ತದೆ.

ಈಗ ಫಿಲ್ಟರ್. ಕಟಾಫನ್ನು ಸ್ವರ ಮಂಕಾಗುವವರೆಗೆ ಇಳಿಸಿ, ಎರಡನೇ ಎನ್ವಲಪ್‌ನ ಅಟ್ಯಾಕ್ 60 ಮಿಲಿಸೆಕೆಂಡಿಗೆ ಏರಿಸಿ, ಅದರ ಪ್ರಮಾಣವನ್ನು ನಿಧಾನ ಹೆಚ್ಚಿಸಿ. ಗರಗಸದಲೆ ಕಹಳೆಯಾಗುವ ಕ್ಷಣವೊಂದು ಬರುತ್ತದೆ. ಊದುವ ವಾದ್ಯದಲ್ಲಿ ಉಸಿರು ಬಲವಾದಂತೆ ಮೇಲಿನ ಕಂಪನಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ, ಫಿಲ್ಟರ್ ತೆರೆಯುವಾಗಲೂ ಆಗುವುದು ಅದೇ. ಮೂಗ್ ಅವರ ಏಣಿ ಫಿಲ್ಟರ್ ಕಟಾಫಿನ ಮೇಲೆ ಪ್ರತಿ ಆಕ್ಟೇವಿಗೆ 24 ಡೆಸಿಬೆಲ್ ಕಡಿಯುತ್ತದೆ. ಆ ಕಡಿದಾದ ಇಳಿಜಾರಿನಿಂದಲೇ ಅದರ ಏರಿಳಿತ ಅಷ್ಟು ಎದ್ದು ಕಾಣುವುದು. 1968ರಲ್ಲಿ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ ಬಾಖ್‌ನ ರಚನೆಗಳನ್ನು ಮೂಗ್ ಮೇಲೆ ನುಡಿಸಿದ್ದೂ ಇಂಥ ಒಂಟಿ ದನಿಗಳಿಂದ. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿದ್ದ ಕಾರಣ ಪ್ರತಿ ಎಳೆಯನ್ನೂ ಬೇರೆಬೇರೆ ರೆಕಾರ್ಡ್ ಮಾಡಿ ಟೇಪಿನ ಮೇಲೆ ಪೇರಿಸಬೇಕಿತ್ತು.

ಶ್ರುತಿ ಕೂರದಿದ್ದರೆ

ಒಂದು ವೋಲ್ಟಿಗೆ ಒಂದು ಆಕ್ಟೇವ್, ಅಂದರೆ ಒಂದು ಅರ್ಧಸ್ವರಕ್ಕೆ 83.3 ಮಿಲಿವೋಲ್ಟ್. ಒಂದು ಮಿಲಿವೋಲ್ಟ್ ತಪ್ಪಿದರೆ 1.2 ಸೆಂಟ್ ತಪ್ಪಿದಂತೆ (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು). ಬುಕ್ಲಾ ಯಂತ್ರಗಳಲ್ಲಿ ಒಂದು ಆಕ್ಟೇವಿಗೆ 1.2 ವೋಲ್ಟ್, ನೇರ ಬೆರೆಸಿದರೆ ಹೊಂದುವುದಿಲ್ಲ.

ಅನಲಾಗ್ ಆಸಿಲೇಟರ್ ಬಿಸಿಯಾಗಲು ಅರ್ಧ ಗಂಟೆ ಬಿಡಿ, ಕೇಸಿನ ಮುಂಭಾಗ ಮುಚ್ಚಿಕೊಂಡೇ. ಮೊದಲು ಸೀಕ್ವೆನ್ಸರನ್ನೇ ಪರೀಕ್ಷಿಸಿ: ಒಂದು ಆಕ್ಟೇವ್ ಏರಿಸಿದಾಗ ಮಲ್ಟಿಮೀಟರಿನಲ್ಲಿ 1.000 ವೋಲ್ಟ್ ಹೆಚ್ಚಬೇಕು. ಮೂಲವೇ ಸೊಟ್ಟಗಿದ್ದರೆ ಆಸಿಲೇಟರನ್ನು ಎಷ್ಟು ತಿರುಚಿದರೂ ದಂಡ. ಅದು ಸರಿಯಿದ್ದರೆ ಕೆಳಗಿನ ಸ್ವರವನ್ನು 110 ಹರ್ಟ್ಸ್‌ಗೆ ನಾಬಿನಿಂದ ಕೂರಿಸಿ, ಎರಡು ಆಕ್ಟೇವ್ ಮೇಲೆ ಹೋಗಿ. 440 ಬರಬೇಕು. ಹೆಚ್ಚು ಬಂದರೆ ಅಳತೆಯ ಟ್ರಿಮ್ಮರನ್ನು (ಶ್ರುತಿ ತಿದ್ದುವ ಪುಟ್ಟ ತಿರುಪು) ಸ್ವಲ್ಪ ಇಳಿಸಿ, ಕಮ್ಮಿ ಬಂದರೆ ಏರಿಸಿ. ಟ್ರಿಮ್ಮರ್ ಮುಟ್ಟಿದೊಡನೆ ಕೆಳಗಿನ ಸ್ವರವೂ ಸರಿಯುತ್ತದೆ, ಮತ್ತೆ 110ಕ್ಕೆ ತಂದು ಮತ್ತೆ ಮೇಲೆ ನೋಡಿ. ಐದಾರು ಸುತ್ತು ಬೇಕಾಗುತ್ತದೆ. ತೀರಾ ಮೇಲಿನ ಆಕ್ಟೇವ್‌ಗಳಿಗಷ್ಟೇ ಇರುವ ಇನ್ನೊಂದು ಟ್ರಿಮ್ಮರನ್ನು ಈ ಹಂತದಲ್ಲಿ ಮುಟ್ಟಬೇಡಿ.

ಶ್ರುತಿ ಮಾಡಿದ ಮೇಲೂ ಎರಡನೇ ಆಸಿಲೇಟರ್ ಸೇರಿಸಿದ ಕೂಡಲೇ ಎರಡೂ ಇಳಿದವೇ? ತಪ್ಪು ಮಲ್ಟಿನದು. ಪಿಚ್ ಕೊಡುವ ಮಾಡ್ಯೂಲಿನ ಔಟ್‌ಪುಟ್ ತಡೆ 1 ಕಿಲೋಓಮ್, ಪಡೆಯುವ ಇನ್‌ಪುಟ್ಟಿನದು 100 ಕಿಲೋಓಮ್ ಎಂದುಕೊಳ್ಳಿ. 3 ವೋಲ್ಟ್ ಕಳಿಸಿದರೆ ಒಂದು ಆಸಿಲೇಟರಿಗೆ ತಲುಪುವುದು 2.970. ಸಾದಾ ಮಲ್ಟಿನಲ್ಲಿ ಎರಡಕ್ಕೆ ಹಂಚಿದರೆ 2.941. ಆ 29 ಮಿಲಿವೋಲ್ಟ್ ಅಂದರೆ ಸುಮಾರು 35 ಸೆಂಟ್, ಕಿವಿಗೆ ಚುಚ್ಚುವಷ್ಟು. ಗೇಟು, ಎನ್ವಲಪ್‌ಗಳನ್ನು ಸಾದಾ ಮಲ್ಟಿನಲ್ಲಿ ಧಾರಾಳವಾಗಿ ಹಂಚಿ, ಪಿಚ್ಚಿಗೆ ಮಾತ್ರ ಬಫರ್ (ಹಂಚಿದರೂ ವೋಲ್ಟೇಜ್ ಇಳಿಯದಂತೆ ಕಾಯುವ ಸರ್ಕ್ಯೂಟ್) ಇರುವ ಮಲ್ಟ್ ಬಳಸಿ. ಎರಡು ಪಿಚ್ ವೋಲ್ಟೇಜ್ ಕೂಡಿಸುವಾಗಲೂ ಇದೇ ಎಚ್ಚರ ಬೇಕು. ಸಾಮಾನ್ಯ ಮಿಕ್ಸರ್ ನಾಬ್ ಪೂರ್ತಿ ತಿರುಗಿಸಿದರೂ ಸರಿಯಾಗಿ ಒಂದಕ್ಕೊಂದು ಕೊಡುವ ಖಾತ್ರಿಯಿಲ್ಲ, ನಿಖರ ಆಡರ್ (ಕೂಡಿಸುವ ಮಾಡ್ಯೂಲ್) ಬೇಕು.

1977ರ ಬೇಸ್‌ಲೈನ್

ಸಂಗೀತ ನಿರ್ಮಾಪಕರಾದ ಜೋರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲಟ್ ಗಾಯಕಿ ಡೊನ್ನಾ ಸಮ್ಮರ್‌ಗಾಗಿ 1977ರಲ್ಲಿ ಮಾಡಿದ ‘ಐ ಫೀಲ್ ಲವ್’ ಹಾಡು ಆಮೇಲಿನ ಡಾನ್ಸ್ ಸಂಗೀತಗಳಾದ ಟೆಕ್ನೋ, ಟ್ರಾನ್ಸ್‌ಗಳಿಗೆಲ್ಲ ಬುನಾದಿ. ಅದರ ಬೇಸ್ ಓಡುವಷ್ಟು ವೇಗವಾಗಿ ಯಾರೂ ನುಡಿಸಿಲ್ಲ. ಮೂಗ್ ಮಾಡ್ಯುಲರಿನ ಸೀಕ್ವೆನ್ಸರ್ ನುಡಿಸಿದ್ದರ ಜೊತೆಗೆ ಡಿಲೇ (ಸದ್ದಿನ ಪ್ರತಿಯನ್ನು ತಡವಾಗಿ ಕೊಡುವ ಉಪಕರಣ) ಸೇರಿಕೊಂಡಿದೆ. ಆ ಉಪಾಯವನ್ನು ಹೀಗೆ ಕಟ್ಟಬಹುದು.

ವೇಗ 125 ಬಿಪಿಎಂ, ಅಂದರೆ ನಿಮಿಷಕ್ಕೆ 125 ಬೀಟ್. ಸೀಕ್ವೆನ್ಸರ್ ಎಂಟನೇ ಸ್ವರಗಳಲ್ಲಿ (ಬೀಟಿಗೆ ಎರಡು) ಓಡಲಿ, ಅಂದರೆ 240 ಮಿಲಿಸೆಕೆಂಡಿಗೊಂದು ಹೆಜ್ಜೆ. ಎಂಟು ಹೆಜ್ಜೆಗಳಿಗೆ 0, 0, 1, 0, 0.25, 0, 0.583, 1 ವೋಲ್ಟ್ ಕೊಡಿ; ಮೂಲಸ್ವರ, ಅದರ ಆಕ್ಟೇವ್, ಮೂರು ಮತ್ತು ಏಳು ಅರ್ಧಸ್ವರ ಮೇಲಿನವು ಬರುತ್ತವೆ. ಇದು ಆ ಹಾಡಿನ ಸಾಲಲ್ಲ, ಅಭ್ಯಾಸಕ್ಕೊಂದು ಸಾಲು. ಎರಡೂ ಎನ್ವಲಪ್‌ಗಳ ಸಸ್ಟೇನ್ ಸೊನ್ನೆ, ಡಿಕೇ 120 ಮಿಲಿಸೆಕೆಂಡ್. ರಿಲೀಸನ್ನೂ 120ಕ್ಕೇ ಇಡಿ. ಗೇಟ್ ಡಿಕೇಗಿಂತ ಮೊದಲೇ ಮುಗಿದರೆ ಉಳಿದ ಬಾಲವನ್ನು ನಿರ್ಧರಿಸುವುದು ರಿಲೀಸ್. ಅದು ಸೊನ್ನೆಯಿದ್ದರೆ ಸ್ವರಗಳು ಕತ್ತರಿಸಿದಂತೆ ನಿಲ್ಲುತ್ತವೆ. ಕಟಾಫ್ 200 ಹರ್ಟ್ಸ್ ಆಸುಪಾಸು, ಎನ್ವಲಪ್ ಅದನ್ನು ಮೂರು ಆಕ್ಟೇವ್ ಎತ್ತಲಿ, ರೆಸೊನೆನ್ಸ್ (ಕಟಾಫಿನ ಬಳಿಯ ಕಂಪನಗಳನ್ನು ಎತ್ತುವ ನಾಬ್) ಕಾಲುಭಾಗ.

ಇದನ್ನು ಒಂದು ಕಿವಿಗೆ ಕೊಡಿ. ಇನ್ನೊಂದಕ್ಕೆ 120 ಮಿಲಿಸೆಕೆಂಡ್ ತಡವಾದ ಪ್ರತಿಯನ್ನು, ಫೀಡ್‌ಬ್ಯಾಕ್ ಸೊನ್ನೆ ಇಟ್ಟು, ಅಷ್ಟೇ ಜೋರಿನಲ್ಲಿ ಕೊಡಿ. ಎಂಟನೇ ಸ್ವರಗಳ ನಡುವಿನ ಖಾಲಿ ಜಾಗಗಳಲ್ಲಿ ಪ್ರತಿ ಬಂದು ಬೀಳುತ್ತದೆ, ಸಾಲು ಹದಿನಾರನೇ ಸ್ವರಗಳಲ್ಲಿ (ಬೀಟಿಗೆ ನಾಲ್ಕು) ದೌಡಾಯಿಸುತ್ತದೆ. ಡಿಲೇ 110ಕ್ಕೋ 130ಕ್ಕೋ ಇದ್ದರೆ ಕುದುರೆ ಕುಂಟುತ್ತದೆ.

ಪ್ರತಿ ಸ್ವರದ ಮೊದಲಿಗೆ ಹಿಂದಿನ ಸ್ವರದ ಚೂರು ಕೇಳಿಸಿದರೆ, ಗೇಟ್ ಬಂದಾಗ ಪಿಚ್ ವೋಲ್ಟೇಜ್ ಇನ್ನೂ ತನ್ನ ಜಾಗ ಸೇರಿರುವುದಿಲ್ಲ. ಕ್ವಾಂಟೈಸರ್ (ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ಕೂರಿಸುವ ಮಾಡ್ಯೂಲ್) ನಡುವೆ ಇದ್ದರಂತೂ ಹೆಚ್ಚು. ಎನ್ವಲಪ್‌ಗೆ ಹೋಗುವ ಗೇಟನ್ನು 2–3 ಮಿಲಿಸೆಕೆಂಡ್ ತಡಮಾಡಿ.

ಆ ಹಾಡಿನ ತಂಡ ಟೇಪಿನ ಒಂದು ಟ್ರ್ಯಾಕಿನಲ್ಲಿ ತಾಳದ ಸಂಕೇತ ದಾಖಲಿಸಿ, ಮುಂದಿನ ಪ್ರತಿ ಭಾಗವನ್ನೂ ಅದಕ್ಕೇ ಕಟ್ಟಿಹಾಕಿತು. ಈಗಲೂ ಅದೇ ಮಾಡಬಹುದು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಚಿಕ್ಕ ಮಿಡಿತಗಳ ಟ್ರ್ಯಾಕ್ ಒಂದನ್ನು ಮಾಡಿ, ಆಡಿಯೋ ಇಂಟರ್‌ಫೇಸಿನ (ಕಂಪ್ಯೂಟರಿಗೆ ಸದ್ದು ಸಾಗಿಸುವ ಪೆಟ್ಟಿಗೆ) ಬಿಡಿ ಔಟ್‌ಪುಟ್‌ನಿಂದ ಸೀಕ್ವೆನ್ಸರಿನ ಕ್ಲಾಕ್ ಸಾಕೆಟ್ಟಿಗೆ ಕೊಡಿ. ಹೆಜ್ಜೆ ಬಿಟ್ಟುಬಿಟ್ಟು ಓಡಿದರೆ ಮಿಡಿತದ ಮಟ್ಟ ಸಾಲುತ್ತಿಲ್ಲ, ವರ್ಧಿಸಿ ಕೊಡಿ.

ಇದೇ ಜೋಡಣೆಯಲ್ಲಿ ರೆಸೊನೆನ್ಸನ್ನು ಮುಕ್ಕಾಲಿಗೆ ಏರಿಸಿ, ಪಿಚ್ ದಾರಿಯಲ್ಲಿ 60 ಮಿಲಿಸೆಕೆಂಡಿನ ಸ್ಲೂ (ವೋಲ್ಟೇಜನ್ನು ಜಾರಿಸಿ ಬದಲಿಸುವ ಮಾಡ್ಯೂಲ್) ಹಾಕಿದರೆ ಆಸಿಡ್ ಹೌಸ್ ಎಂಬ ಡಾನ್ಸ್ ಸಂಗೀತದ ಕಡೆ ಬಂದಿರಿ. 1981ರ ರೋಲಂಡ್ ಟಿಬಿ-303 ಬೇಸ್ ಸಿಂಥ್ ಮಾಡಿದ್ದು ಇದನ್ನೇ, ಪುಟ್ಟ ಪೆಟ್ಟಿಗೆಯಲ್ಲಿ.

ಕಿಕ್

ಸೈನ್ ಅಲೆಯನ್ನು 50 ಹರ್ಟ್ಸ್‌ಗೆ ಇಳಿಸಿ ವಿಸಿಎಗೆ ಕೊಡಿ, ಡಿಕೇ 350 ಮಿಲಿಸೆಕೆಂಡ್. ಎರಡನೇ ಎನ್ವಲಪ್ ಪಿಚ್ಚಿಗೆ: ಡಿಕೇ 50, ಎತ್ತರ 3 ವೋಲ್ಟ್. ಸ್ವರ 400 ಹರ್ಟ್ಸ್‌ನಿಂದ 50ಕ್ಕೆ ಧುಮುಕುವುದೇ ನಮ್ಮ ಕಿವಿಗೆ ಪೆಟ್ಟಾಗಿ ಕೇಳುವುದು. ಪಿಚ್ ಡಿಕೇ 150 ದಾಟಿತೆಂದರೆ ಕಿಕ್ ಹೋಗಿ ಟಾಮ್ ಡ್ರಮ್ ಆಗುತ್ತದೆ. ಎನ್ವಲಪ್ ಸಾಮಾನ್ಯವಾಗಿ 8 ವೋಲ್ಟ್ ವರೆಗೆ ಏರುತ್ತದೆ, ತಗ್ಗಿಸದೆ ಹಾಕಿದರೆ ಲೇಸರ್ ಬಂದೂಕು ಕೇಳಿಸುತ್ತದೆ.

ಪೆಟ್ಟು ಒಂದೊಂದು ಸಲ ಒಂದೊಂದು ಥರ ಬರುತ್ತಿದ್ದರೆ ಆಸಿಲೇಟರ್ ತನ್ನ ಪಾಡಿಗೆ ತಿರುಗುತ್ತಿದೆ ಎಂದರ್ಥ, ಬಾಗಿಲು ತೆರೆದಾಗ ಅಲೆ ಎಲ್ಲೋ ಇರುತ್ತದೆ. ಟ್ರಿಗರನ್ನು ಅದರ ಸಿಂಕ್ ಸಾಕೆಟ್ಟಿಗೂ ಕೊಟ್ಟರೆ ಪ್ರತಿಸಲ ಒಂದೇ ಜಾಗದಿಂದ ಶುರು. ಇಲ್ಲವೇ ಆಸಿಲೇಟರನ್ನೇ ಬಿಡಿ: ಫಿಲ್ಟರಿನ ರೆಸೊನೆನ್ಸನ್ನು ಅದು ತಾನೇ ಹಾಡತೊಡಗುವ ಅಂಚಿನ ತುಸು ಹಿಂದೆ ನಿಲ್ಲಿಸಿ, ಟ್ರಿಗರನ್ನು ಅದರ ಆಡಿಯೋ ಇನ್‌ಪುಟ್ಟಿಗೆ ಹೊಡೆಯಿರಿ. 1980ರ ಟಿಆರ್-808 ಡ್ರಮ್ ಯಂತ್ರದ ಕಿಕ್ ಕೂಡ ಹೀಗೆ ಮಿಡಿತದಿಂದ ಬಡಿದಾಗ ಮೊಳಗುವ ಸರ್ಕ್ಯೂಟೇ. ಮೊರೊಡರ್ ತಂಡಕ್ಕೆ ಮಾತ್ರ ಯಂತ್ರದ ಕಿಕ್ ಒಗ್ಗಲಿಲ್ಲ, ಅಲ್ಲಿ ಕಿಕ್ ಡ್ರಮ್ ಬಾರಿಸಿದ್ದು ಡ್ರಮ್ಮರ್ ಕೀತ್ ಫೋರ್ಸಿ. ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಟ್ಟೆಯ ಸದ್ದು) ಬೇಕೆಂದರೆ ಬಿಳಿ ನಾಯ್ಸ್, 7 ಕಿಲೋಹರ್ಟ್ಸಿನ ಹೈಪಾಸ್ (ಮೇಲಿನ ಕಂಪನಗಳನ್ನಷ್ಟೇ ಬಿಡುವ ಫಿಲ್ಟರ್), 30 ಮಿಲಿಸೆಕೆಂಡ್ ಡಿಕೇ, ಮುಗಿಯಿತು.

ಬುಕ್ಲಾ ಕಡೆಯ ದಾರಿ

ಇಲ್ಲಿ ಫಿಲ್ಟರಿನಿಂದ ಕೆತ್ತುವುದಕ್ಕಿಂತ ಸಾದಾ ಅಲೆಯನ್ನು ಮಡಚಿ, ಕಲಕಿ ಸಿಕ್ಕು ಮಾಡುವುದು ಹೆಚ್ಚು. ಲೋಪಾಸ್ ಗೇಟ್ ಎಂಬ ಮಾಡ್ಯೂಲ್ ಸದ್ದನ್ನೂ ಮೊನಚನ್ನೂ ಒಟ್ಟಿಗೇ ಇಳಿಸುತ್ತದೆ. ಹಳೆಯ ಬಗೆಯದರಲ್ಲಿ ಒಂದು ಎಲ್‌ಇಡಿ, ಅದರೆದುರು ಬೆಳಕಿಗೆ ತಡೆ ಬದಲಿಸುವ ರೆಸಿಸ್ಟರ್. ದೀಪ ಆರಿದರೂ ರೆಸಿಸ್ಟರ್ ಚೇತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಮರದ ತುಂಡು ತಟ್ಟಿದಂಥ ಬಾಲ ಬರುವುದು ಆ ಸೋಮಾರಿತನದಿಂದ. ಎನ್ವಲಪ್ ಬೇಕಿಲ್ಲ, ಬರೀ ಟ್ರಿಗರ್ ಸಾಕು. ಮಿಡಿತ ತೀರಾ ಚಿಕ್ಕದಾದರೆ ದೀಪ ಸರಿಯಾಗಿ ಹೊತ್ತುವುದಿಲ್ಲ, 10 ಮಿಲಿಸೆಕೆಂಡಿಗೆ ಹಿಗ್ಗಿಸಿ. ನಾಯ್ಸನ್ನು ಸ್ಯಾಂಪಲ್ ಅಂಡ್ ಹೋಲ್ಡಿಗೆ, ಅದನ್ನು ಕ್ವಾಂಟೈಸರಿಗೆ, ಅಲ್ಲಿಂದ ಆಸಿಲೇಟರಿಗೆ ಕೊಟ್ಟರೆ ಯಂತ್ರ ತಾನೇ ಸ್ವರ ಆಯುತ್ತದೆ. ನಾಯ್ಸನ್ನು ಅರ್ಧಕ್ಕೆ ತಗ್ಗಿಸಿ ಕೊಡಿ, ಇಲ್ಲದಿದ್ದರೆ ಸ್ವರಗಳು ಐದಾರು ಆಕ್ಟೇವ್ ಹಾರಾಡಿ ತಲೆನೋವು ತರುತ್ತವೆ.

ರೆಕಾರ್ಡಿಂಗ್

ಯೂರೋರ್‍ಯಾಕಿನ ಆಡಿಯೋ ತುದಿಯಿಂದ ತುದಿಗೆ ಸುಮಾರು 10 ವೋಲ್ಟ್, ಸೈನ್ ಅಲೆಯಾದರೆ +13 ಡಿಬಿಯು (ಸಿಗ್ನಲ್ ಮಟ್ಟದ ಅಳತೆ). ಸ್ಟುಡಿಯೋ ಲೈನ್ ಮಟ್ಟ +4. ನೇರ ಹಾಕಿದರೆ ಅನೇಕ ಇಂಟರ್‌ಫೇಸ್‌ಗಳು ಒಡೆದ ಸದ್ದು ಕೊಡುತ್ತವೆ, ಮೈಕ್ ಇನ್‌ಪುಟ್ಟಿಗಂತೂ ಹಾಕಲೇಬೇಡಿ. ಔಟ್‌ಪುಟ್ ಮಾಡ್ಯೂಲಿನಲ್ಲಿ ಇಳಿಸಿ, ರೆಕಾರ್ಡಿಂಗ್ ಮೀಟರಿನ ಶಿಖರ -12 ಡೆಸಿಬೆಲ್ ಆಸುಪಾಸು ನಿಲ್ಲಲಿ. ಗೇಟನ್ನಾಗಲಿ ಎನ್ವಲಪನ್ನಾಗಲಿ ಸ್ಪೀಕರ್ ದಾರಿಗೆ ಕೊಡಬೇಡಿ. ಲ್ಯಾಪ್‌ಟಾಪ್ ಸಿಕ್ಕಿಸಿದಾಗ ಮಾತ್ರ ಕಿಂಯ್‌ ಎಂದರೆ ಅದು ಗ್ರೌಂಡಿನ ಸುತ್ತು. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಪೆಟ್ಟಿಗೆ ಹಾಕಿದರೆ ನಿಲ್ಲುತ್ತದೆ.

ಪ್ಯಾಚನ್ನು ಉಳಿಸುವ ಗುಂಡಿ ಇಲ್ಲಿಲ್ಲ. ಕೇಬಲ್ ಕೀಳುವ ಮುನ್ನ ನೇರ ಮುಂದಿನಿಂದ ಒಂದು ಫೋಟೋ ತೆಗೆಯಿರಿ, ನಾಬ್‌ಗಳ ಗೆರೆ ಕಾಣುವಂತೆ. ಆಮೇಲೆ ಬೇಸ್, ಕಿಕ್, ಹೈಹ್ಯಾಟ್ ಒಂದೊಂದನ್ನೂ ಬೇರೆ ಟ್ರ್ಯಾಕಿಗೆ, ರಿವರ್ಬ್ ಡಿಲೇ ಇಲ್ಲದೆ, ಐದೈದು ನಿಮಿಷ ರೆಕಾರ್ಡ್ ಮಾಡಿ. ಬೇಸ್ ಓಡುವಾಗ ಒಂದು ಕೈ ಕಟಾಫ್ ನಾಬಿನ ಮೇಲಿರಲಿ, ಎರಡು ನಿಮಿಷ ತೆಗೆದುಕೊಂಡು ಮೇಲೇರಿಸಿ, ಆಮೇಲೆ ಒಮ್ಮೆಲೇ ಕೆಳಗಿಳಿಸಿ. ಫೋಟೋ ನೋಡಿ ಮತ್ತೆ ಕಟ್ಟಿದ ಪ್ಯಾಚ್ ಹೇಗೂ ಹಿಂದಿನಂತೆ ನುಡಿಯುವುದಿಲ್ಲ.